ಕಾರವಾರ, ಮಂಗಳೂರುಗಳ ಹವೆಯೂ ಉಪ್ಪಿನಬೆಟಗೇರಿ ಸೀಮೆಯ ಬಿತ್ತಿಗೆಯೂ

ರೋಹಿಣೀ ಮಳೆಯು ಮುಗಿದು ಮೃಗಶಿರವು ಹುಟ್ಟುವ ಹೊತ್ತಿಗೆ ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಒಕ್ಕಲಿಗರ ಬಾಯಲ್ಲಿ ಒಂದೇ ಮಾತು ಇರುತ್ತದೆ: ಮಳೆಯು ಎಲ್ಲಿಯ ವರೆಗೆ ಬಂದಿತು? ಮಂಗಳೂರಿಗೆ ಮುಟ್ಟಿತೆಂದು ಒಬ್ಬನು ಹೇಳುವನು. ಇಲ್ಲ, ಕಾರವಾರಕ್ಕೂ ಬಂದಿತೆಂದು ಮತ್ತೊಬ್ಬನು ಹೇಳುವನು. ಅಷ್ಟು ಕೇಳಿದ ಕೂಡಲೆ ಕೂರಿಗೆಗಳು ಹೊರಬೀಳುತ್ತವೆ. ಬೀಜದ ಚೀಲಗಳ ಬಾಯಿ ಬಿಚ್ಚಲ್ಪಡುತ್ತವೆ. ಕೆಲವು ವರ್ಷ ಇದರಿಂದ ಲಾಭವಾಗಿದೆ. ಕೆಲವು ವರ್ಷ ಬಿತ್ತಿದ ಬೀಜವು ಮಣ್ಣಿನಲ್ಲಿಯೇ ಸತ್ತು, ಎರಡನೆಯ ಸಲ ಬೀಜವನ್ನು ಕೊಳ್ಳುವ ಪ್ರಸಂಗವು ಒದಗಿದೆ. ಆದಕಾರಣ ಈ ಎರಡು ಕಡಲ ತಡಿಯ ನಗರಗಳ ಹವೆಯು ಎಂಥದು, ಅವು ಒಂದಕ್ಕೊಂದು ಎಷ್ಟರ ಮಟ್ಟಿಗೆ ಹೋಲುತ್ತವೆ, ಅಲ್ಲಿಯ ಮಳೆಯ ಸುದ್ದಿಗೆ ಇಲ್ಲಿಯ ಎರೆಹೊಲದಲ್ಲಿ ಎಷ್ಟು ಬೆಲೆ ಕೊಡತಕ್ಕದ್ದು ಎಂಬದನ್ನು ಊರ ಪ್ರಮುಖರೂ ಭೂಮಾಲಿಕರೂ ತಿಳಿದಿರುವದು ಅವಶ್ಯವಾಗಿದೆ.

ಕಾರವಾರವೂ ಮಂಗಳೂರೂ ಒಂದೇ ಅರಬ್ಬೀ ಸಮುದ್ರದ ದಂಡೆಯ ಮೇಲಿವೆ. ಕಾರವಾರವು ಕಾಳೀ ನದಿಯ ಮುಖದಲ್ಲಿ, ಮಂಗಳೂರು ನೇತ್ರಾವತಿ ಮತ್ತು ಫಲ್ಗುಣೀ ನದಿಗಳ ಮುಖದಲ್ಲಿ. ಒಂದರಿಂದ ಇನ್ನೊಂದಕ್ಕೆ ದಕ್ಷಿಣೋತ್ತರವಾಗಿ ಸುಮಾರು ಎರಡು ಅಕ್ಷಾಂಶಗಳ ಅಂತರ. ೧೮೬೨ರಲ್ಲಿ ಉತ್ತರ ಕನ್ನಡವು ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೆ ೧೯೫೬ರ ವರೆಗೂ ಈ ಎರಡು ಊರುಗಳು ಬೇರೆ ಬೇರೆ ಆಡಳಿತಗಳಲ್ಲಿದ್ದವು. ಧಾರವಾಡ ಸೀಮೆಯವರಿಗೆ ಕಾರವಾರದ ಪರಿಚಯವು ಹಳೆಯದು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, ಎಂದರೆ ೧೮೬೧ರಿಂದ ೧೮೬೫ರ ವರೆಗೆ, ಈ ಸೀಮೆಯ ಹತ್ತಿಗೆ ವಿಲಾಯತಿಯಲ್ಲಿ ಬೇಡಿಕೆಯು ಏರಿದಾಗ, ಅದನ್ನು ಹಡಗಿಗೆ ಹಾಕುವದಕ್ಕೆ ಕಾರವಾರದ ಬಂದರನ್ನು ಬೆಳೆಸಬೇಕೆಂದು ಬಹಳ ಪ್ರಯತ್ನವು ನಡೆಯಿತು. ರೈಲು ಮಾರ್ಗವು ಮರ್ಮಗೋವೆಗೆ ಹೋದ ಮೇಲೆ ಆ ಆಸೆಯು ತಗ್ಗಿತು. ಹತ್ತಿಯ ಗಾಡಿಗಳು ನಿಂತರೂ ಮಳೆಯ ಸುದ್ದಿಯು ಮಾತ್ರ ಅದೇ ದಾರಿಯಿಂದ ಬರುವದು ನಿಂತಿಲ್ಲ.

ಮೊದಲು ಇವೆರಡರಲ್ಲಿ ಸಮಾನವಾದದ್ದನ್ನು ನೋಡುವ. ಎರಡೂ ಕಡೆ ಉಷ್ಣತೆಯು ವರ್ಷವಿಡೀ ಹೆಚ್ಚು ಏರುಪೇರಾಗುವದಿಲ್ಲ. ಅತಿ ಸೆಕೆಯ ತಿಂಗಳ ಸರಾಸರಿಗೂ ಅತಿ ತಂಪಿನ ತಿಂಗಳ ಸರಾಸರಿಗೂ ನಾಲ್ಕೈದು ಡಿಗ್ರಿಗಳ ಅಂತರ ಮಾತ್ರ. ಬೇಸಿಗೆಯಲ್ಲಿ ಹಗಲಿನ ಉಷ್ಣತೆಯು ೩೩-೩೪ ಡಿಗ್ರಿಗಳ ಸುಮಾರು ನಿಲ್ಲುವದು. ಆಷಾಢ ಮಾಸದ ಮಳೆಯಲ್ಲಿ ೨೮-೨೯ಕ್ಕೆ ಇಳಿಯುವದು. ಚಳಿಗಾಲದ ಬೆಳಗಿನ ಜಾವದಲ್ಲಿಯೂ ೨೦ರ ಆಸುಪಾಸಿನಲ್ಲಿ ಇರುವದು. ಧಾರವಾಡದಲ್ಲಾದರೆ ಏಪ್ರಿಲ್ ತಿಂಗಳ ಹಗಲು ೩೬-೩೭ ಡಿಗ್ರಿಗಳಿಗೆ ಏರಿ, ಡಿಸೆಂಬರದ ರಾತ್ರಿಯು ೧೪ರ ಹತ್ತಿರಕ್ಕೆ ಇಳಿಯುತ್ತದೆ. ಫಾಲ್ಗುಣ ಮಾಸದಲ್ಲಿ ಒಂದೇ ದಿನದ ಹಗಲು-ರಾತ್ರಿಗಳ ನಡುವೆ ಹದಿನೈದು ಡಿಗ್ರಿಗಳಿಗೂ ಮಿಕ್ಕಿದ ಅಂತರವು ಕಂಡುಬರುವದುಂಟು.

ಇದಕ್ಕೆ ಕಾರಣವು ನೀರಿನ ಗುಣ. ಒಂದೇ ಬಿಸಿಲು ಬಿದ್ದರೂ ಮಣ್ಣು ಬೇಗನೆ ಕಾಯುತ್ತದೆ, ಬೇಗನೆ ಆರುತ್ತದೆ. ನೀರು ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. ಹಗಲಿನಲ್ಲಿ ನೆಲವು ಕಾದು ಅದರ ಮೇಲಣ ಗಾಳಿಯು ಹಗುರಾಗಿ ಏರಿದೊಡನೆ, ತಂಪಾದ ಕಡಲ ಗಾಳಿಯು ಒಳಕ್ಕೆ ಬರುವದು. ರಾತ್ರಿಯಲ್ಲಿ ನೆಲವು ಮೊದಲು ಆರುವದರಿಂದ ಗಾಳಿಯು ನೆಲದಿಂದ ಕಡಲಿಗೆ ಹೋಗುವದು. ಈ ಎರಡು ಗಾಳಿಗಳೇ ಕಡಲ ತಡಿಯ ಹವೆಯನ್ನು ಹದದಲ್ಲಿಡುವ ಕಾವಲುಗಾರರು. ಆದರೆ ಈ ಹದವು ಮನುಷ್ಯನ ಮೈಗೂ ಹಿತವೆಂದು ತಿಳಿಯಬಾರದು. ಬೇಸಿಗೆಯಲ್ಲಿ ಇಲ್ಲಿಂದ ಕಾರವಾರಕ್ಕೆ ಹೋದವರು, ಇಲ್ಲಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆಯಿದ್ದರೂ, ಅಂಗಿಯು ಮೈಗೆ ಅಂಟಿ ಉಸಿರು ಕಟ್ಟಿದಂತಾಯಿತೆಂದು ಹೇಳುವರು. ಗಾಳಿಯಲ್ಲಿ ನೀರಿನ ಆವಿಯು ತುಂಬಿರುವಲ್ಲಿ ಬೆವರು ಆರುವದಿಲ್ಲ. ಬೆವರು ಆರದಿದ್ದರೆ ಮೈಯು ತಣಿಯುವದಿಲ್ಲ. ಧಾರವಾಡದ ಒಣ ಸೆಕೆಯಲ್ಲಿ ಗಿಡದ ನೆರಳೇ ಸಾಕಾಗುತ್ತದೆ.

ಇನ್ನು ಭೇದಗಳು. ಸುದ್ದಿಪತ್ರಿಕೆಯಲ್ಲಿ ಎರಡು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಓದುವವರು ಇವುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳುವದಿಲ್ಲ. ಆದರೆ ಒಕ್ಕಲುತನಕ್ಕೆ ಸಂಬಂಧಿಸಿದ್ದು ಇಲ್ಲಿಯೇ ಇದೆ.

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿಯಿಂದ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವದು. ಕಾರವಾರದಲ್ಲಿ ೩,೦೦೦ ಮಿಲಿಮೀಟರಿನ ಆಸುಪಾಸು. ಇಪ್ಪತ್ತೈದು ಮಿಲಿಮೀಟರಿಗೆ ಒಂದು ಅಂಗುಲವೆಂದು ಹಿಡಿದರೆ ಮೊದಲನೆಯದು ೧೪೦ ಅಂಗುಲಗಳಿಗೆ ಮೇಲೆ, ಎರಡನೆಯದು ೧೨೦ ಅಂಗುಲಗಳ ಸುಮಾರು. ಧಾರವಾಡದಲ್ಲಿ ಬೀಳುವದು ೮೦೦ ಮಿಲಿಮೀಟರಿನ ಹತ್ತಿರ, ಎಂದರೆ ಮೂವತ್ತು ಅಂಗುಲಗಳಿಗೆ ತುಸು ಹೆಚ್ಚು. ಆದರೆ ಉತ್ತರಕ್ಕೆ ಹೋದಂತೆ ಮಳೆಯು ಕ್ರಮವಾಗಿ ತಗ್ಗುತ್ತದೆಂದು ಎಣಿಸಕೂಡದು. ಎರಡರ ನಡುವಣ ಉಡುಪಿ ಸೀಮೆಯಲ್ಲಿ ಮಂಗಳೂರಿಗಿಂತಲೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ಒಳಗಡೆ ಘಟ್ಟದ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ೭,೦೦೦ ಮಿಲಿಮೀಟರು ದಾಟುವದು.

ಮೊತ್ತಕ್ಕಿಂತಲೂ ಮಳೆಯ ಹಂಚಿಕೆಯು ಮುಖ್ಯ. ಕಾರವಾರದ ಮಳೆಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರದ ಪಾಲು ಜೂನದಿಂದ ಸಪ್ಟೆಂಬರದ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಹೋಗುವದು. ಮಂಗಳೂರಿನಲ್ಲಿಯೂ ಬಹುಪಾಲು ಆಗಲೇ ಬೀಳುವದಾದರೂ, ಮೇ ತಿಂಗಳ ಗುಡುಗಿನ ಮಳೆಯೂ ಅಕ್ಟೋಬರ-ನವೆಂಬರಗಳ ಸಂಜೆಯ ಮಳೆಯೂ ಅಲ್ಲಿ ಕಾರವಾರಕ್ಕಿಂತ ಹೆಚ್ಚು. ಅದು ಇನ್ನಷ್ಟು ದಕ್ಷಿಣಕ್ಕಿರುವದರಿಂದ ಮಾರುತಗಳು ಅಲ್ಲಿಗೆ ಬೇಗನೆ ಬಂದು ತಡವಾಗಿ ಹೊರಡುತ್ತವೆ. ಹೀಗಾಗಿ ಮಂಗಳೂರಿನ ಮಳೆಗಾಲವು ಎರಡು ತುದಿಗಳಲ್ಲಿಯೂ ಉದ್ದವಾಗಿದೆ. ಕಾರವಾರದ ಒಣಗಾಲವು ಅಷ್ಟು ದಿವಸ ಹೆಚ್ಚು. ಅಡಕೆಯ ತೋಟದವನಿಗೆ ಇದರ ಅರ್ಥವು ಸ್ಪಷ್ಟ: ಕಾರವಾರದ ಕಡೆ ಬೇಸಿಗೆಯ ನೀರನ್ನು ಇನ್ನೂ ಕೆಲವು ವಾರ ಹಾಯಿಸಬೇಕು. ಮಳೆಯು ಬಿಡದೆ ಹಿಡಿದಾಗ ಬರುವ ಕೊಳೆರೋಗವು ಎರಡೂ ಜಿಲ್ಲೆಗಳ ಶತ್ರುವೇ. ಮೈಸೂರು ಸಂಸ್ಥಾನದ ಒಕ್ಕಲುತನ ಖಾತೆಯ ಡಾಕ್ಟರ್ ಕೋಲ್ಮನ್ನರು ೧೯೧೦ರಲ್ಲಿ ಈ ರೋಗದ ವಿಚಾರವನ್ನು ಪ್ರಕಟಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಗೊನೆಗಳಿಗೆ ಸಿಂಪಡಿಸುವದು ಈಗಲೂ ರೂಢಿಯಲ್ಲಿದೆ.

ಮೂರನೆಯ ಭೇದವು ಬೆಟ್ಟಗಳದು. ಕಾರವಾರದಲ್ಲಿ ಗುಡ್ಡಗಳು ಕಡಲಿಗೆ ಬಂದು ಕಾಲು ಚಾಚಿವೆ; ಊರಿನ ಬೆನ್ನಿಗೇ ಕಾಡು. ಮಂಗಳೂರಿನ ಹಿಂದೆ ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳು ಬಹುದೂರ ಹರಡಿ, ಘಟ್ಟದ ಗೋಡೆಯು ಒಳಗಡೆ ಎದ್ದಿದೆ. ಅಲ್ಲಿ ಕುದುರೆಮುಖದ ಶಿಖರವು ೧,೮೯೨ ಮೀಟರು ಎತ್ತರವಾಗಿದೆ. ಕಾರವಾರದ ಹಿಂದಣ ಘಟ್ಟವು ಅಷ್ಟು ಎತ್ತರವಿಲ್ಲ. ಧಾರವಾಡ ಸೀಮೆಗೆ ಬರುವ ಮುಂಗಾರು ಗಾಳಿಯು ದಾಟಿ ಬರುವದು ಈ ತಗ್ಗಾದ ಘಟ್ಟವನ್ನು. ಉಪ್ಪಿನಬೆಟಗೇರಿಯಿಂದ ಕಾರವಾರವು ಹಕ್ಕಿ ಹಾರುವ ದಾರಿಯಲ್ಲಿ ನೂರಿಪ್ಪತ್ತು ಕಿಲೋಮೀಟರಿನ ಸುಮಾರು, ಮಂಗಳೂರು ಮುನ್ನೂರು. ಆದ್ದರಿಂದ ಎರಡು ಸುದ್ದಿಗಳಲ್ಲಿ ಇಲ್ಲಿಯವರು ಕೇಳತಕ್ಕದ್ದು ಯಾವದೆಂದರೆ ಕಾರವಾರದ್ದೇ. ಮಂಗಳೂರಿಗೆ ಮಳೆಯು ಬಂದರೆ ಅದು ದಾರಿಯಲ್ಲಿದೆಯೆಂದು ತಿಳಿಯಬಹುದು, ಅಷ್ಟೇ.

ಆದರೆ ಕಾರವಾರದ ಸುದ್ದಿಯನ್ನೂ ಪೂರ್ತಿಯಾಗಿ ನಂಬತಕ್ಕದ್ದಲ್ಲ. ಯಾತಕ್ಕೆಂದರೆ ಮಳೆಯು ಗಾಳಿಯಲ್ಲಿರುವ ಆವಿಯಿಂದ ಮಾತ್ರ ಬೀಳುವದಿಲ್ಲ. ಆ ಗಾಳಿಯು ಮೇಲಕ್ಕೆ ಏರಬೇಕು. ಏರಿದ ಗಾಳಿಯು ನೂರು ಮೀಟರಿಗೆ ಒಂದು ಡಿಗ್ರಿಯಂತೆ ತಣ್ಣಗಾಗುತ್ತ ಹೋಗಿ, ಆವಿಯನ್ನು ಹಿಡಿದಿಡಲಾರದೆ ಮೋಡವಾಗಿ, ಹನಿಯಾಗಿ ಚೆಲ್ಲುವದು. ಕಡಲಿನಿಂದ ಬಂದ ಗಾಳಿಗೆ ಘಟ್ಟವೇ ಏಣಿ. ಅದನ್ನು ಏರುವಾಗ ದಂಡೆಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಕ್ಯಾಸಲ್‌ರಾಕಿನಂಥ ನೆತ್ತಿಯ ಸ್ಥಳಗಳಲ್ಲಿಯೂ ತನ್ನ ಹೊರೆಯನ್ನು ಇಳಿಸಿಬಿಡುವದು. ನೆತ್ತಿಯನ್ನು ದಾಟಿದ ಮೇಲೆ ಮುಂದೆ ಏರಲು ಏಣಿಯಿಲ್ಲ. ಧಾರವಾಡವು ಕಡಲ ಮಟ್ಟದಿಂದ ೭೦೦ ಮೀಟರಿನ ಸುಮಾರು ಎತ್ತರದಲ್ಲಿರುವದರಿಂದ ಗಾಳಿಯು ಬಹಳ ಇಳಿಯುವದೂ ಇಲ್ಲ. ಸಪಾಟಾಗಿ ಪೂರ್ವಕ್ಕೆ ಓಡುವದು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಉಪ್ಪಿನಬೆಟಗೇರಿಯ ಹೊಲದಲ್ಲಿ ನಿಂತವರು ಇದನ್ನು ಕಣ್ಣಾರೆ ಕಂಡಿರುವರು: ಮುಗಿಲೆಲ್ಲ ಕಪ್ಪಾಗಿ ಮೋಡಗಳು ದಂಡು ಹೋದಂತೆ ಹೋಗುತ್ತಿರುತ್ತವೆ, ಕೆಳಗೆ ಬೀಳುವದು ಕಂಬಳಿಯ ಮೇಲೆ ನಿಂತು ಆರಿಹೋಗುವಷ್ಟು ಜಿಟಿಜಿಟಿ ಮಾತ್ರ. ಅದೇ ದಿವಸ ಕಾರವಾರದಲ್ಲಿ ನೂರು ಮಿಲಿಮೀಟರು ಬಿದ್ದಿರಬಹುದು. ಎರಡೂ ನಿಜ, ಇದರಲ್ಲಿ ಮಳೆರಾಯನ ಪಕ್ಷಪಾತವಿಲ್ಲ.

ಈ ಇಳುಕಲನ್ನು ಧಾರವಾಡ ಜಿಲ್ಲೆಯ ಪೀಕುಗಳಲ್ಲಿಯೇ ಓದಬಹುದು. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಗಳ ಕಡೆ ಭತ್ತದ ಗದ್ದೆಗಳು. ಧಾರವಾಡದ ಸುತ್ತ ಮಸಾರಿ ನೆಲದಲ್ಲಿ ಆಪೂಸ ಮಾವಿನ ತೋಟಗಳು. ಉಪ್ಪಿನಬೆಟಗೇರಿಯ ಎರೆಯಲ್ಲಿ ಮುಂಗಾರಿಗೆ ಹೆಸರು, ಸೋಯಾಬೀನ, ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋದಿ. ಇನ್ನೂ ಪೂರ್ವಕ್ಕೆ ನವಲಗುಂದದ ಕಡೆ ಹಿಂಗಾರಿಯೇ ಪ್ರಧಾನ. ಒಂದು ದಿನದ ಗಾಡಿಯ ಪ್ರಯಾಣದಲ್ಲಿ ಮಲೆನಾಡು ಬಯಲುಸೀಮೆಯಾಗುವದು.

ಮತ್ತೊಂದು ಮಾತು. ದಂಡೆಯ ಮಳೆಯು ಒಂದೇ ಗಾಳಿಯ ಮಳೆ, ಇಲ್ಲಿಯದು ಹಾಗಲ್ಲ. ಈ ಜಿಲ್ಲೆಯ ವರ್ಷದ ಮಳೆಯಲ್ಲಿ ಜೂನದಿಂದ ಸಪ್ಟೆಂಬರದ ವರೆಗೆ ಬೀಳುವದು ಮೂರರಲ್ಲಿ ಎರಡು ಪಾಲಿನಷ್ಟು. ಉಳಿದದ್ದು ಬಹುತರವಾಗಿ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಮತ್ತು ಅಕ್ಟೋಬರದ ಹಿಂಗಾರಿ ಮಳೆ. ಇವು ನೆಲವು ಕಾದು ಸಂಜೆಯ ಹೊತ್ತಿಗೆ ಏಳುವ ಗುಡುಗು-ಸಿಡಿಲಿನ ಮಳೆಗಳು, ಅಥವಾ ಬಂಗಾಲ ಉಪಸಾಗರದ ಕಡೆಯಿಂದ ಬರುವ ಮೋಡಗಳು. ಉತ್ತರಾ, ಹಸ್ತ, ಚಿತ್ತಾ ಮಳೆಗಳಿಗೆ ಕಾಯುವ ಕಡಲೆ-ಜೋಳದವನು ಕಾರವಾರದ ಕಡೆ ಮುಖ ಮಾಡಿ ಕುಳಿತರೆ ಪ್ರಯೋಜನವಿಲ್ಲ. ಆಗ ಅವನು ಮೂಡಲಿನ ಸುದ್ದಿಯನ್ನು ಕೇಳಬೇಕು. ಮುಂಗಾರಿನಲ್ಲಿಯೂ ಉಪಸಾಗರದಲ್ಲಿ ವಾಯುಭಾರವು ತಗ್ಗಿ ಆ ತಗ್ಗು ಪಶ್ಚಿಮಕ್ಕೆ ಸರಿಯುವಾಗ ಕಡಲ ಗಾಳಿಯು ಬಿರುಸಾಗಿ, ಮಳೆಯು ಘಟ್ಟವನ್ನು ದಾಟಿ ಒಳನಾಡಿಗೂ ಬರುತ್ತದೆ.

ಇತ್ತೀಚಿನ ವರ್ಷಗಳಿಂದ ಎರಡು ಉದಾಹರಣೆಗಳನ್ನು ಕೊಡಬಹುದು. ೨೦೨೦ರಲ್ಲಿ ಪರಿಷ್ಕೃತವಾದ ಪಟ್ಟಿಯ ಮೇರೆಗೆ ಮುಂಗಾರು ಕೇರಳಕ್ಕೆ ಮುಟ್ಟುವ ವಾಡಿಕೆಯ ದಿನವು ಜೂನ್ ೧, ಮುಂಬಯಿಗೆ ಜೂನ್ ೧೧. ಮಂಗಳೂರು ಕಾರವಾರಗಳು ಈ ಹತ್ತು ದಿವಸಗಳ ನಡುವೆ ಬರುತ್ತವೆ. ೨೦೨೫ರಲ್ಲಿ ಅದು ಮೇ ೨೪ಕ್ಕೆ ಕೇರಳವನ್ನು, ಮೇ ೨೬ಕ್ಕೆ ಮುಂಬಯಿಯನ್ನು ಮುಟ್ಟಿತು. ದಂಡೆಯು ರೋಹಿಣಿಯಲ್ಲಿಯೇ ತೊಯ್ದಿತು. ಆದರೆ ಮೇ ಕೊನೆಯಿಂದ ಜೂನ್ ನಡುಭಾಗದ ವರೆಗೆ ಅದರ ಮುನ್ನಡೆಯು ನಿಂತುಹೋಯಿತು. ೨೦೨೩ರಲ್ಲಿ ಇದಕ್ಕೆ ವಿರುದ್ಧವಾಗಿ ಜೂನ್ ೮ರ ವರೆಗೆ ಕೇರಳಕ್ಕೇ ಬರಲಿಲ್ಲ. ಅರಬ್ಬೀ ಸಮುದ್ರದಲ್ಲಿ ಬಿಪರ್‌ಜಾಯ್ ಎಂಬ ಚಂಡಮಾರುತವು ಎದ್ದು ಗುಜರಾಥದ ಕಡೆ ಹೋಯಿತು. ಮುಂದೆ ಆಗಸ್ಟ ತಿಂಗಳು ಇಡೀ ದೇಶದಲ್ಲಿ ೧೯೦೧ರಿಂದ ಈಚೆಗೆ ಅತಿ ಒಣಗಿದ ಆಗಸ್ಟವಾಯಿತು, ಮತ್ತು ಕರ್ನಾಟಕದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಬೇಗ ಬಂದದ್ದು ನಿಲ್ಲಬಹುದು, ತಡವಾದದ್ದು ಕೈಕೊಡಲೂಬಹುದು. ಮುಟ್ಟಿದ ದಿನದಿಂದ ವರ್ಷದ ಫಲವನ್ನು ಹೇಳಲಾಗದು. ೨೦೨೧ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತವು ಈ ದಂಡೆಯ ಪಕ್ಕದಿಂದ ಹಾದುಹೋದಾಗ ಮಂಗಳೂರು, ಕಾರವಾರ ಎರಡೂ ಕಡೆ ದೊಡ್ಡ ಮಳೆಯಾಯಿತು. ಅದು ಮುಂಗಾರೇ ಅಲ್ಲ. ಅಂಥ ಮಳೆಯನ್ನು ಕೇಳಿ ಬೀಜವನ್ನು ಹೊರಗೆ ತೆಗೆಯುವದು ತರವಲ್ಲ.

ಹಾಗಾದರೆ ಬಿತ್ತುವದು ಯಾವಾಗ? ಇದಕ್ಕೆ ಉತ್ತರವು ಹೊಲದಲ್ಲಿಯೇ ಇದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಎರೆಯು ಬಹಳ ನೀರು ಕುಡಿಯುವಂಥದು. ಒಂದು ಅಂಗುಲದ ಮಳೆಯು ಅದರಲ್ಲಿ ಸಾಮಾನ್ಯವಾಗಿ ಅರ್ಧ ಗೇಣಿನಷ್ಟು ಆಳವನ್ನು ಮಾತ್ರ ತೋಯಿಸುತ್ತದೆ. ಮೇಲಿನ ಆ ಹಸಿಯು ಎರಡು ದಿನದ ಬಿಸಿಲಿಗೂ ಪಡುವಣ ಗಾಳಿಗೂ ಹಾರಿಹೋಗುವದು. ಕೆಲವೇ ದಿನಗಳ ಅಂತರದಲ್ಲಿ ಎಲ್ಲಾ ಕೂಡಿ ೬೦ರಿಂದ ೭೫ ಮಿಲಿಮೀಟರು, ಎಂದರೆ ಎರಡೂವರೆಯಿಂದ ಮೂರು ಅಂಗುಲ ಬಿದ್ದು, ಸಲಿಕೆಯಿಂದ ಅಗೆದು ನೋಡಿದರೆ ಒಂದು ಗೇಣಿನ ವರೆಗೆ ಹಸಿಯು ಕೆಳಗಿನ ಹಸಿಯನ್ನು ಕೂಡಿರಬೇಕು. ಮೇಲೆ ಹಸಿ, ನಡುವೆ ಒಣಮಣ್ಣು ಇದ್ದರೆ ಕೂರಿಗೆಯನ್ನು ತಿರುಗಿ ಕೊಟ್ಟಿಗೆಗೆ ಒಯ್ಯುವದೇ ಲೇಸು.

ವಿಶೇಷವಾಗಿ ಸೋಯಾಬೀನಿನ ವಿಷಯದಲ್ಲಿ ಎಚ್ಚರವಿರಬೇಕು. ಹಿಂದಿನ ಕಾಲದ ಜೋಳ-ಹತ್ತಿಗಳಂತೆ ಅದು ಒರಟು ಬೀಜವಲ್ಲ. ಅದರ ಸಿಪ್ಪೆಯು ತೆಳುವು. ಅರೆಹಸಿಯಲ್ಲಿ ಬಿದ್ದರೆ ನೀರು ಕುಡಿದು ಉಬ್ಬಿ, ಮೊಳಕೆಯು ಹೊರಬರುವದಕ್ಕೆ ಸಾಕಾಗುವಷ್ಟು ಹಸಿಯಿಲ್ಲದೆ ಒಳಗೇ ಕೊಳೆಯುವದು. ಎಕರೆಗೆ ೨೫ರಿಂದ ೩೦ ಕಿಲೋ ಬೀಜ ಬೇಕಾಗುವ ಈ ಪೀಕಿನಲ್ಲಿ ಎರಡನೆಯ ಬಿತ್ತಿಗೆಯ ಖರ್ಚು ಸಣ್ಣ ಹಿಡುವಳಿದಾರನನ್ನು ಸಾಲಕ್ಕೆ ದೂಡುತ್ತದೆ. ಬಿತ್ತುವ ಮೊದಲು ನೂರು ಕಾಳುಗಳನ್ನು ಎಣಿಸಿ ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು ನೋಡಬೇಕು. ಎಪ್ಪತ್ತಾದರೂ ಮೊಳೆಯದಿದ್ದರೆ ಅದು ಬೀಜವಲ್ಲ, ಕಾಳು. ಗೌಡರೂ ದೊಡ್ಡ ಭೂಮಾಲಿಕರೂ ಮೊದಲು ಕೂರಿಗೆ ಹೂಡಿದರೆ ಸಣ್ಣವರು ವಿಚಾರ ಮಾಡದೆ ಹಿಂಬಾಲಿಸುವರೆಂಬದು ಎಲ್ಲರಿಗೂ ಗೊತ್ತಿದ್ದದ್ದೇ. ನೂರು ಎಕರೆಯವನು ಹತ್ತು ಎಕರೆಯ ಬೀಜವನ್ನು ಕಳೆದುಕೊಂಡರೆ ತಾಳಿಕೊಂಡಾನು. ಎರಡು ಎಕರೆಯವನಿಗೆ ಅದೇ ಅವನ ವರ್ಷ.

ದಂಡೆಯ ಹವೆಯನ್ನು ನೋಡಿ ಬಂದವರು ಅಲ್ಲಿಯ ಗಿಡಗಳನ್ನು ಇಲ್ಲಿಗೆ ತರುವದೂ ಹೆಚ್ಚಾಗಿದೆ. ಕೊಳವೆಬಾವಿಯಲ್ಲಿ ನೀರು ಬಿದ್ದೊಡನೆ ಅಡಕೆಯ ಸಸಿ! ಅಡಕೆಗೆ ಬೇಕಾದದ್ದು ನೀರೊಂದೇ ಅಲ್ಲ. ತೇವದ ಗಾಳಿ, ಪಡುವಣ ಬಿಸಿಲಿಗೆ ಮರೆ, ನೀರು ಬಸಿಯುವ ಮಣ್ಣು. ಉಪ್ಪಿನಬೆಟಗೇರಿಯ ಎರೆಯಲ್ಲಿ ಮಳೆಗಾಲದಲ್ಲಿ ಬೇರು ಉಸಿರುಕಟ್ಟುವದು, ಬೇಸಿಗೆಯ ಒಣಗಾಳಿಗೆ ಗರಿಯು ಸುಡುವದು. ತೆಂಗು ಇದಕ್ಕಿಂತ ಗಟ್ಟಿಯಾದದ್ದಾದರೂ ಬಾವಿಯ ನೀರಿನ ಲೆಕ್ಕವನ್ನು ಮೊದಲು ಹಾಕಬೇಕು. ಮಾವು ಬೇರೆ ಮಾತು. ಕಾರವಾರದ ದಕ್ಷಿಣಕ್ಕಿರುವ ಅಂಕೋಲೆಯ ಕರಿ ಈಶಾಡು ಮಾವಿಗೆ ೨೦೨೩ರಲ್ಲಿ ಭೌಗೋಲಿಕ ಗುರುತು ದೊರೆಯಿತು. ಅದು ಆ ದಂಡೆಯ ಹಣ್ಣು. ಧಾರವಾಡದ ಆಪೂಸಕ್ಕೆ ಇಲ್ಲಿಯ ಮಸಾರಿ ನೆಲವೂ ಚಳಿಗಾಲದ ಒಣ ಹವೆಯೂ ಒಗ್ಗಿವೆ. ಹೂ ಬಿಟ್ಟಾಗ ದಂಡೆಯಲ್ಲಿರುವಂತೆ ಮೋಡ ಮತ್ತು ತೇವವು ನಿಂತರೆ ಜಿಗಿಹುಳವೂ ಬೂದಿರೋಗವೂ ಹೆಚ್ಚುವವು. ಎರೆಯಲ್ಲಿ ಇದನ್ನು ಸಹ ನೆಡತಕ್ಕದ್ದಲ್ಲ.

ಇನ್ನು ಉಳಿದದ್ದು ಊರಿನ ಮಳೆಯನ್ನು ಊರಿನಲ್ಲಿಯೇ ಅಳೆಯುವ ವಿಷಯ. ಭಾರತದ ಹವಾಮಾನ ಖಾತೆಯು ೧೮೭೫ರಲ್ಲಿ ಸ್ಥಾಪಿತವಾಯಿತು; ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಒಕ್ಕಲುತನದ ಹವಾಮಾನ ಪತ್ರವು ಹೊರಡುತ್ತದೆ; ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಇವುಗಳನ್ನು ಕೇಳುವ ರೂಢಿಯು ಬೆಳೆಯಬೇಕು. ಆದರೂ ಗುಡುಗಿನ ಮಳೆಯು ಒಂದು ಹೊಲದ ಬದುವಿನ ಈಚೆ ಬಿದ್ದು ಆಚೆ ಬೀಳದೆ ಹೋಗುವಂಥದು. ಆದ್ದರಿಂದ ಊರಿಗೊಂದು, ಸಾಧ್ಯವಾದರೆ ದೊಡ್ಡ ಹಿಡುವಳಿಗೊಂದು ಸಾದಾ ಮಾಪಕವಿರುವದು ಒಳ್ಳೆಯದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು ೪,೦೦೦ ಲೀಟರ್ ನೀರು; ಈ ಲೆಕ್ಕವು ಕೃಷಿಹೊಂಡ ತೋಡುವವರಿಗೂ ಬೇಕಾಗುವದು.

ಮಾಪಕವನ್ನು ಬಯಲಿನಲ್ಲಿ, ಅದರ ಬಾಯಿಯು ನೆಲದಿಂದ ೩೦ ಸೆಂಟಿಮೀಟರು ಎತ್ತರದಲ್ಲಿ ಸಮನಾಗಿ ನಿಲ್ಲುವಂತೆ ಹೂಳಬೇಕು. ಹತ್ತಿರದ ಗಿಡ, ಗೋಡೆಗಳು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರವಿರಬೇಕು. ಮನೆಯ ಮಾಳಿಗೆಯ ಮೇಲೆ ಇಡಕೂಡದು. ಪ್ರತಿ ದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ನೀರನ್ನು ಅಳೆದು, ತಾರೀಖು, ನಕ್ಷತ್ರ, ಗಾಳಿಯ ದಿಕ್ಕುಗಳ ಸಂಗಡ ವಹಿಯಲ್ಲಿ ಬರೆಯಬೇಕು. ಮಳೆಯಿಲ್ಲದ ದಿನ ಸೊನ್ನೆಯನ್ನೂ ಬರೆಯಬೇಕು. ಪಕ್ಕದ ಸಾಲಿನಲ್ಲಿ ಅದೇ ದಿನದ ಕಾರವಾರದ ಮಳೆಯನ್ನು ಪತ್ರಿಕೆಯಿಂದ ನೋಡಿ ಬರೆದುಕೊಂಡರೆ, ಐದಾರು ವರ್ಷಗಳಲ್ಲಿ ಅಲ್ಲಿಯ ಯಾವ ಮಳೆಯು ಘಟ್ಟ ಹತ್ತಿ ಉಪ್ಪಿನಬೆಟಗೇರಿಗೆ ಬರುತ್ತದೆ, ಯಾವದು ಬರುವದಿಲ್ಲ ಎಂಬದು ಆ ವಹಿಯಲ್ಲಿಯೇ ಕಾಣುವದು.